ಕೂಗಿನ ಪಾಲು

ಮೊನ್ನೆ ಹೊಸಪೇಟೆ ಬಸ್‌ಸ್ಟ್ಯಾಂಡಿನ ಎದುರು ನಿಂತಿದ್ದೆ. ಕೈಯಲ್ಲಿ ತರಕಾರಿ ಚೀಲ, ನೆತ್ತಿಯ ಮೇಲೆ ನಮ್ಮೂರಿನ ಬಿಸಿಲು. ಖಾಲಿ ಆಟೋ ಒಂದು ನನ್ನನ್ನು ನೋಡಿಯೂ ನೋಡದಂತೆ ಮುಂದೆ ಹೋಯಿತು. ಅದನ್ನು ನಿಲ್ಲಿಸಲು ಬಾಯಿ ತೆರೆದೆ ನೋಡಿ, ಹೊರಟದ್ದು "ಆಟೋ" ಎಂಬ ಸಭ್ಯ ಶಬ್ದವಲ್ಲ. "ಹ್ವಾಯ್!"

ಆಟೋ ನಿಂತಿತು. ಅದರ ಹಿಂದಿನ ಬೈಕು ನಿಂತಿತು. ಕಬ್ಬಿನಹಾಲಿನ ಗಾಡಿಯವನು ತಿರುಗಿಸುತ್ತಿದ್ದ ಗಾಲಿಯನ್ನೂ ನಿಲ್ಲಿಸಿದ. ಆಟೋದವನು ಕತ್ತು ಹೊರಹಾಕಿ, "ಏನಾತ್ರಿ ಅಕ್ಕಾರ? ಯಾರರ ಬಿದ್ರೇನು?" ಎಂದು ಗಾಬರಿಯಿಂದ ಕೇಳಿದ.

"ಯಾರೂ ಬಿದ್ದಿಲ್ಲಪ. ಪಟೇಲ್‌ನಗರಕ್ಕ ಬರ್ತೀಯೇನು?" ಎಂದೆ, ಸೀರೆಯ ಸೆರಗು ಸರಿಮಾಡಿಕೊಳ್ಳುತ್ತ. ದಾರಿಯುದ್ದಕ್ಕೂ ಅವನು ಕನ್ನಡಿಯಲ್ಲಿ ನನ್ನನ್ನು ಅನುಮಾನದಿಂದ ನೋಡುತ್ತಲೇ ಇದ್ದ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ, ಕನ್ನಡಕ ಹಾಕಿಕೊಂಡ, ಐವತ್ತು ದಾಟಿದ ಹೆಂಗಸು ಹೀಗೆ ಕೂಗಬಾರದು ನಿಜ. ಆದರೆ ಆ ಕೂಗು ನನ್ನದಲ್ಲ. ಅದು ನನ್ನ ಅಮ್ಮನದು, ಅದಕ್ಕೂ ಮೊದಲು ಅವಳ ಅಪ್ಪನದು, ಅದಕ್ಕೂ ಮೊದಲು ಕುಂದಾಪುರದ ಕಡೆಯ ಒಂದು ಮರಳದಂಡೆಯದು. ಅಲ್ಲಿ ಗಾಳಿಗೂ ಅಲೆಗೂ ಮೇಲಾಗಿ ಕೇಳಬೇಕಾದರೆ ಮನುಷ್ಯರು ಹೀಗೇ ಕರೆಯುತ್ತಾರೆ. ಹೆಸರು ಹಿಡಿದು ಕರೆಯುತ್ತ ಕೂತರೆ ದೋಣಿ ದೂರ ಹೋಗಿರುತ್ತದೆ.

ಮೀನುಗಾರರ ಮನೆಯ ಮಾತು ಕಬ್ಬಿಣದ ಗುಡ್ಡದ ಮೇಲೆ ಹೇಗೆ ಬಂತು ಎಂದು ನೀವು ಕೇಳಬಹುದು. ನನ್ನ ಅಪ್ಪಯ್ಯ ತಂದದ್ದು. ಅವನಿಗೆ ದೋಣಿ ಹತ್ತಿದರೆ ಹೊಟ್ಟೆ ತೊಳೆಸುತ್ತಿತ್ತು. ಮೀನುಗಾರರ ಕೇರಿಯಲ್ಲಿ ಹುಟ್ಟಿದ ಗಂಡಸಿಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೇ? ಯಾರೋ ದೋಣಿಮಲೈಯ ಗಣಿಯಲ್ಲಿ ಕೆಲಸವಿದೆ ಎಂದರಂತೆ. ಹೆಸರಿನಲ್ಲಾದರೂ ದೋಣಿ ಇದೆಯಲ್ಲ ಎಂದುಕೊಂಡು ಗಂಟು ಕಟ್ಟಿಕೊಂಡು ಬಂದ. ಕೊನೆಯವರೆಗೂ ಡಂಪರ್ ಓಡಿಸಿದ. ಆ ಡಂಪರ್ ಸಂಡೂರಿನ ಗುಡ್ಡದ ತಿರುವುಗಳಲ್ಲಿ ಎಷ್ಟು ಓಲಾಡಿದರೂ ಅವನಿಗೆ ಒಮ್ಮೆಯೂ ಹೊಟ್ಟೆ ತೊಳೆಸಲಿಲ್ಲ.

ಅವನ ಹಿಂದೆ ಅಮ್ಮ ಬಂದಳು. ಟ್ರಂಕಿನಲ್ಲಿ ನಾಲ್ಕು ಸೀರೆ, ಒಂದು ಪೊಟ್ಟಣ ಒಣಮೀನು, ಬಾಯಿ ತುಂಬ ಅವಳ ಭಾಷೆ. ಸೀರೆಗಳು ಆ ಗುಡ್ಡದ ಕೆಂಪು ಧೂಳಿಗೆ ಒಂದೇ ವರ್ಷದಲ್ಲಿ ಬಣ್ಣ ಬದಲಿಸಿದವು. ಒಣಮೀನು ಸುಟ್ಟ ದಿನ ಕಂಪನಿ ಕ್ವಾರ್ಟರ್ಸಿನ ಸಾಲಿನಲ್ಲಿ ಕಿಟಕಿಗಳು ದಡದಡ ಮುಚ್ಚಿಕೊಂಡವು. ಭಾಷೆ ಮಾತ್ರ ಏನೂ ಆಗದೆ ಉಳಿಯಿತು.

ಪಕ್ಕದ ಮನೆಯ ಹುಲಿಗೆಮ್ಮ ಸಂಡೂರಿನವಳು. ಒಳ್ಳೆಯ ಹೆಂಗಸು, ಆದರೆ ಅಮ್ಮನ ಮಾತು ಕೇಳಿದರೆ ಅವಳಿಗೆ ನಗು ತಡೆಯುತ್ತಿರಲಿಲ್ಲ. "ನಿಮ್ಮವ್ವ ಏನ್ ಮಾತಾಡ್ತಾಳ ಲೇ? ಅರ್ಧ ಮಾತು ಬಾಯಾಗ ನುಂಗಿಬಿಡ್ತಾಳ ನೋಡು" ಎಂದು ನನ್ನನ್ನು ಕೇಳುತ್ತಿದ್ದಳು. ಇದನ್ನು ಅಮ್ಮನಿಗೆ ಹೇಳಿದರೆ ಅವಳ ಉತ್ತರ ಸಿದ್ಧವಿರುತ್ತಿತ್ತು.

"ಅವ್ರದ್ದ್ ಎಳ್ದ್ ಎಳ್ದ್ ಹೇಳುದ್, ನಮ್ದ್ ಕಡ್ದ್ ಕಡ್ದ್ ಹೇಳುದ್. ಕಡಲ್ ಬದಿ ಗಾಳಿಯಲ್ ಉದ್ದ ಮಾತ್ ಆಡ್ರೆ ಅರ್ಧ ಹಾರಿ ಹೋತ್ತ್ ಮಗಾ. ಅದ್ಕೇ ನಾವ್ ಮೊದ್ಲೇ ಕಡ್ದ್ ಕೊಡುದ್."

ಇದು ಎಷ್ಟು ನಿಜವೋ ಗೊತ್ತಿಲ್ಲ. ಭಾಷೆ ಓದಿದವರು ಬೇರೆ ಕಾರಣ ಹೇಳಿಯಾರು. ನನಗೆ ಅಮ್ಮನ ಕಾರಣವೇ ಸಾಕು.

ಅಮ್ಮನ ಮನೆಯಲ್ಲಿ ಎಡಬಲಗಳಿರಲಿಲ್ಲ. ಪಡು, ಮೂಡು, ತೆಂಕು, ಬಡಗು, ಇಷ್ಟೇ. ಕಡಲಿರುವುದು ಪಡುವಣಕ್ಕೆ, ಉಳಿದದ್ದನ್ನೆಲ್ಲ ಅಲ್ಲಿಂದ ಲೆಕ್ಕ ಹಾಕಿಕೊಳ್ಳಬೇಕು. "ಮೂಡ್ ಬದಿಯ ಡಬ್ಬಿಯಲ್ ಜೀರ್ಗಿ ಇತ್ತ್, ತಕಂಡ್ ಬಾ" ಎಂದರೆ ನಾನು ಅಡುಗೆಮನೆಯ ಕತ್ತಲಲ್ಲೂ ಕೈಹಾಕಿ ಸರಿಯಾಗಿ ಜೀರಿಗೆಯನ್ನೇ ತರುತ್ತಿದ್ದೆ. ಕಷ್ಟವಾದದ್ದು ಶಾಲೆಯಲ್ಲಿ. ಡ್ರಿಲ್ ಮಾಸ್ತರು "ಲೆಫ್ಟ್ ಟರ್ನ್" ಎಂದು ಗದರಿದಾಗ ಮಕ್ಕಳೆಲ್ಲ ಪಟ್ಟನೆ ತಿರುಗಿದರೆ ನಾನೊಬ್ಬಳು ತಲೆಯೆತ್ತಿ ಸೂರ್ಯ ಎಲ್ಲಿದ್ದಾನೆಂದು ಹುಡುಕುತ್ತಿದ್ದೆ. ಮೋಡ ಕವಿದ ದಿನ ತಿರುಗದೆ ನಿಂತೇ ಇರುತ್ತಿದ್ದೆ. "ಈ ಹುಡುಗಿಗೆ ಕಿವಿ ಕೇಳ್ಸಲ್ಲೇನು?" ಎಂದು ಮಾಸ್ತರು ಅಪ್ಪಯ್ಯನಿಗೆ ಹೇಳಿ ಕಳಿಸಿದ್ದರು.

ಇನ್ನೊಂದು ನಿಯಮವಿತ್ತು. ಮನೆಯಿಂದ ಹೊರಟವರನ್ನು "ಎಲ್ಲಿಗೆ" ಎಂದು ಕೇಳಬಾರದು. ಕಡಲಿಗೆ ಹೊರಟವನನ್ನು ಹಾಗೆ ಕೇಳಿದರೆ ಬಲೆ ಬರಿದಾಗಿ ಬರುತ್ತದೆಯಂತೆ. ಅಪ್ಪಯ್ಯ ಟಿಫಿನ್ ಡಬ್ಬಿ ಹಿಡಿದು ಸ್ಟಾಫ್ ಬಸ್ಸಿಗೆ ಹೊರಡುವಾಗಲೂ ಅಮ್ಮ ಬಾಯಿಬಿಡುತ್ತಿರಲಿಲ್ಲ. ಅವನು ಗಣಿಗೇ ಹೋಗುವುದೆಂದು ಇಡೀ ಕ್ವಾರ್ಟರ್ಸಿಗೆ ಗೊತ್ತಿತ್ತು, ಆದರೂ.

ಆದರೆ ನಾನು ನಿಮಗೆ ಹೇಳಹೊರಟಿದ್ದು ಅಮ್ಮನ ಅಪ್ಪನ, ಅಂದರೆ ನನ್ನ ಅಜ್ಜನ ಸಂಗತಿ. ಅಜ್ಜ ತಂಡೇಲ. ದೋಣಿಯ ಯಜಮಾನನಿಗೆ ಅಲ್ಲಿ ಹಾಗೆನ್ನುತ್ತಾರೆ. ಅವರ ಊರಿನಲ್ಲಿ ಕೈರಂಪಣಿ ಎಂಬ ದೊಡ್ಡ ಬಲೆ. ದೋಣಿಯವರು ಬಲೆಯನ್ನು ಕಡಲಲ್ಲಿ ಅರ್ಧಚಂದ್ರವಾಗಿ ಬಿಟ್ಟು ಬಂದರೆ, ದಂಡೆಯ ಮೇಲೆ ಎರಡು ಸಾಲಾಗಿ ನಿಂತ ಜನ ಎರಡೂ ತುದಿಯ ಹಗ್ಗ ಹಿಡಿದು ಎಳೆಯಬೇಕು. ಎಲ್ಲರೂ ಒಂದೇ ಉಸಿರಿನಲ್ಲಿ ಎಳೆಯಬೇಕೆಂದರೆ ಒಬ್ಬ ಕೂಗಬೇಕು. ಆ ಕೂಗು ಅಜ್ಜನದು. ಅಮ್ಮ ಆಗ ಲಂಗದ ಹುಡುಗಿ. ಸಾಲಿನ ಕೊನೆಯಲ್ಲಿ ಕೂತು, ಎಳೆದು ಬಂದ ಹಗ್ಗವನ್ನು ಸುತ್ತಿ ಇಡುವುದು ಅವಳ ಕೆಲಸ.

ಬಲೆ ದಡ ಸೇರಿದ ಮೇಲೆ ಹಗ್ಗ ಮುಟ್ಟಿದವರಿಗೆಲ್ಲ ಮೀನಿನಲ್ಲಿ ಪಾಲು. ಊರವರಾಗಲಿ, ದಾರಿಹೋಕರಾಗಲಿ, ಕೊನೆಗೆ ಬಂದು ಒಂದೇ ಒಂದು ಎಳೆತ ಎಳೆದವರಾಗಲಿ. ಬೈಗಿ ಮೀನು ಬಿದ್ದರೆ ಬೈಗಿ, ಬಂಗ್ಡಿ ಬಿದ್ದರೆ ಬಂಗ್ಡಿ. ಒಮ್ಮೆ ಅಜ್ಜ ಚಳಿಜ್ವರದಿಂದ ಏಳಲಾರದೆ ಮಲಗಿದ್ದನಂತೆ. ಆ ದಿನ ಜನ ಅವನ ಕೂಗನ್ನೇ ಕೂಗಿಕೊಂಡು ಬಲೆ ಎಳೆದರು. ಬಿಸಿಲೇರುವ ಹೊತ್ತಿಗೆ ಮನೆಯ ಬಾಗಿಲಿಗೆ ಒಂದು ಬುಟ್ಟಿ ಮೀನು ಬಂತು. ತಂದವನು ಹೇಳಿದ್ದು ಒಂದೇ ಮಾತು: "ಕೂಗಿನ ಪಾಲ್."

ಅಮ್ಮ ಈ ಕತೆ ಹೇಳುವಾಗ ಪ್ರತಿಸಲವೂ ಬುಟ್ಟಿ ಸ್ವಲ್ಪ ದೊಡ್ಡದಾಗುತ್ತಿತ್ತು. ಈಚೆಗಂತೂ ಅದನ್ನು ಇಬ್ಬರು ಹೊತ್ತುಕೊಂಡು ಬರುತ್ತಾರೆ.

ನನ್ನ ಮದುವೆ ಕಂಪ್ಲಿ ಕಡೆಯ ಹೊಳೆದಂಡೆಯ ಊರಿನವರ ಜೊತೆ ಆಯಿತು. ನಾವೇ ನೋಡಿಕೊಂಡು ಮಾಡಿಕೊಂಡ ಮದುವೆ. ಅತ್ತೆಯ ಮನೆಯಲ್ಲಿ ಭತ್ತ, ಬಾಳೆ; ಮೀನು ಮುಟ್ಟುವುದಿಲ್ಲ. ಮಾತುಕತೆಯ ದಿನ ಇಬ್ಬರು ಬೀಗತಿಯರನ್ನು ಒಂದೇ ಚಾಪೆಯ ಮೇಲೆ ಕೂರಿಸಿದ್ದೆವು. "ಬರ್ರಿ ಬೀಗತ್ಯಾರ, ಕುಂದ್ರಿ. ದಾರ್ಯಾಗ ಭಾಳ ತ್ರಾಸಾತೇನು?" ಎಂದರು ಅತ್ತೆ. "ಎಂತ ತ್ರಾಸೂ ಇಲ್ಲೆ. ಕೂಕಂಡೇ ಬಂದದ್ದಲ್ದಾ" ಎಂದಳು ಅಮ್ಮ. ಅತ್ತೆ ದೊಡ್ಡದಾಗಿ ತಲೆಯಾಡಿಸಿದರು. ಅಮ್ಮನೂ ಆಡಿಸಿದಳು. ಒಬ್ಬರ ಮಾತು ಇನ್ನೊಬ್ಬರಿಗೆ ನಾಲ್ಕಾಣೆಯಷ್ಟೂ ಹತ್ತಿರಲಿಲ್ಲವೆಂದು ಆಮೇಲೆ ಇಬ್ಬರೂ ಬೇರೆ ಬೇರೆಯಾಗಿ ನನ್ನ ಹತ್ತಿರ ಒಪ್ಪಿಕೊಂಡರು. ಅಷ್ಟು ಸಲೀಸಾಗಿ ಮುಗಿದ ಮದುವೆ ಮಾತುಕತೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಪ್ಪಯ್ಯ ಹೋದ ಮೇಲೆ ಅಮ್ಮ ಹೊಸಪೇಟೆಗೆ ನಮ್ಮ ಜೊತೆ ಇರಲು ಬಂದಳು. ಊಟ ತಿಂಡಿಗೆ, ನಗುವಿಗೆ, ಟಿ.ವಿ. ಮುಂದೆ ಬೈಗುಳಕ್ಕೆ ಏನೂ ಕೊರತೆಯಿರಲಿಲ್ಲ. ಡ್ಯಾಮಿನ ಮೀನು ತಂದುಕೊಟ್ಟರೆ "ಉಪ್ಪಿಲ್ದ ನೀರಲ್ ಹುಟ್ಟಿದ್ ಮೀನಿಗೆ ಎಂತ ರುಚಿ" ಎಂದು ಮೂಗು ಮುರಿದು, ಆಮೇಲೆ ಎರಡು ತುಂಡು ಹೆಚ್ಚೇ ತಿನ್ನುತ್ತಿದ್ದಳು. ಒಂದು ದಿನ ಮಾತ್ರ ಸೊಪ್ಪು ಬಿಡಿಸುತ್ತ ಕೂತವಳು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು.

"ನಿನ್ ಅಪ್ಪಯ್ಯ ಇಪ್ಪ ಹೊತ್ತಿಗೆ ಒಬ್ರಿಗಾದ್ರೂ ಹೇಳುಕೆ ಇತ್ತ್. ನೀನ್ ಅರ್ಧ ಆ ಮಾತ್, ಅರ್ಧ ಈ ಮಾತ್. ನಾನ್ ಹೋದ್ ಮೇಲೆ ಇಲ್ಲಿ ನಮ್ ಮಾತ್ ಯಾರ್ ಆಡ್ತ್ರ್ ಮಗಾ?"

ಅವಳು ಅಳಲಿಲ್ಲ. ಹವಾಮಾನ ಕೇಳಿದ ಹಾಗೆ ಕೇಳಿದಳು. ನನ್ನ ಮಕ್ಕಳು ಅವಳನ್ನು ಅಣಕಿಸಲೆಂದು "ಹೋಯ್ಕಾ ಬರ್ಕಾ" ಎನ್ನುತ್ತಾರೆಯೇ ಹೊರತು ಅವಳ ಭಾಷೆಯಲ್ಲಿ ಒಂದು ಲೋಟ ನೀರು ಕೇಳಲಾರರು. ಅವಳು ಇಡೀ ಬದುಕು ಈ ಗುಡ್ಡಗಳ ನಡುವೆ ಕಳೆದಳು, ಒಂದು ಶಬ್ದವನ್ನೂ ಬಿಟ್ಟುಕೊಡಲಿಲ್ಲ. ಆದರೆ ಒಂದು ಶಬ್ದವನ್ನೂ ಈ ನೆಲ ಅವಳಿಂದ ತೆಗೆದುಕೊಂಡಿರಲಿಲ್ಲ. ಆ ಸಂಕಟ ಅವಳಿಗಿತ್ತು. ಅಂದಿನಿಂದ ನನಗೂ ಅಂಟಿಕೊಂಡಿತು.

ಶ್ರಾವಣದ ನೂಲ ಹುಣ್ಣಿಮೆಗೆ ಕರಾವಳಿಯ ಮೀನುಗಾರರು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸುತ್ತಾರೆ. ಇಲ್ಲಿ ಕಡಲೆಲ್ಲಿದೆ? ಅಮ್ಮ ಪ್ರತಿವರ್ಷ ತುಂಗಭದ್ರೆಗೇ ಅರ್ಪಿಸುತ್ತಾಳೆ. ಹೊಳೆ ಹರಿಯುವುದು ಮೂಡಣಕ್ಕೆ, ಇವಳು ನಿಲ್ಲುವುದು ಪಡುವಣಕ್ಕೆ ಮುಖ ಮಾಡಿ. "ನಿನ್ ಕಾಯಿ ಆಂಧ್ರಕ್ಕೆ ಹೋತ್ತ್ ಮಾರಾಯ್ತಿ" ಎಂದು ಅಪ್ಪಯ್ಯ ಚುಡಾಯಿಸುತ್ತಿದ್ದ. "ಹೋಯ್ಲಿ. ಅಲ್ಲಿಪ್ಪುದೂ ಕಡಲೇ ಅಲ್ದಾ" ಎಂದು ಅವಳು ಕಾಯಿ ಬಿಡುತ್ತಿದ್ದಳು.

ಕಳೆದ ವರ್ಷದ ನೂಲ ಹುಣ್ಣಿಮೆಗೆ ಅವಳನ್ನು ಅತ್ತೆಯ ಊರಿಗೆ ಕರೆದುಕೊಂಡು ಹೋದೆ. ನಾವು ಹೊಳೆದಂಡೆ ಮುಟ್ಟುವಾಗ ಮೈಕು ಕಟ್ಟಿದ ಆಟೋ ಒಂದು ಸಾರುತ್ತಿತ್ತು: ಡ್ಯಾಮಿನ ಗೇಟು ತೆರೆದಿದ್ದಾರೆ, ಯಾರೂ ಹೊಳೆಗೆ ಇಳಿಯಬ್ಯಾಡ್ರಿ, ದನಕರ ಬಿಡಬ್ಯಾಡ್ರಿ. ನೀರು ಕೆಂಪಗಾಗಿ ಏರುತ್ತಿತ್ತು.

ಹೊಳೆದಂಡೆಯ ರೈತರಿಗೆ ಇಂಥ ದಿನ ಒಂದೇ ಧ್ಯಾನ. ನೀರೆತ್ತಲು ದಡದ ಕೆಳಗೆ ಇಳಿಸಿದ ಮೋಟರನ್ನು ಮೇಲೆ ತರಬೇಕು. ಉಳಿದವರೆಲ್ಲ ಹಿಂದಿನ ದಿನವೇ ತಂದಿದ್ದರು. ನಮ್ಮವರ ಅಣ್ಣ ವೀರೇಶಭಾವ ಮಾತ್ರ "ನಾಳಿ ಮುಂಜಾನಿ ತೆಗದ್ರಾತು ಬಿಡು" ಎಂದು ಬಿಟ್ಟಿದ್ದರು. ಈಗ ನೀರು ಮೋಟರಿನಿಂದ ಮಾರು ದೂರದಲ್ಲಿತ್ತು. ಟ್ರ್ಯಾಕ್ಟರ್ ದಡಕ್ಕೆ ಬರುವ ಮೊದಲೇ ಕೆಸರಿನಲ್ಲಿ ಗಾಲಿ ತಿರುಗಿಸುತ್ತ ನಿಂತಿತ್ತು. ಕಬ್ಬಿಣದ ಚೌಕಟ್ಟಿಗೆ ಬಿಗಿದ ಆ ಮೋಟರಿಗೆ ದಪ್ಪ ಹಗ್ಗ ಕಟ್ಟಿ, ಊರಿನ ಜನ ಸೇರಿ ಎಳೆಯತೊಡಗಿದರು.

ಎಳೆಯತೊಡಗಿದರು ಎಂದೆ. ಕಿರುಚತೊಡಗಿದರು ಎನ್ನುವುದು ಸರಿ. "ಜಗ್ಗ್ರಿ! ಜಗ್ಗ್ರಿ ಜಲ್ದಿ!" ಎಂದು ಒಬ್ಬ. "ತಡಿಯಲೇ, ಕಾಲ್ ಜಾರತೈತಿ" ಎಂದು ಇನ್ನೊಬ್ಬ. ಮುಂದಿನವರು ಎಳೆದಾಗ ಹಿಂದಿನವರು ಉಸಿರು ತೆಗೆದುಕೊಳ್ಳುತ್ತಿದ್ದರು, ಹಿಂದಿನವರು ಎಳೆದಾಗ ಮುಂದಿನವರು ಬೈಯುತ್ತಿದ್ದರು. ಮೋಟರು ಗೇಣು ಮೇಲೆ ಬಂದು ಗೇಣು ಕೆಳಗೆ ಜಾರುತ್ತಿತ್ತು. ಭಾವನ ಮುಖ ಬಿಳಿಚಿಕೊಂಡಿತ್ತು. ನಾಟಿ ಮಾಡಿದ ಗದ್ದೆಯಷ್ಟಕ್ಕೂ ಅದೊಂದೇ ಮೋಟರು.

ಅಮ್ಮ ಕಾಯಿ ಹಿಡಿದು ನೋಡುತ್ತ ನಿಂತಿದ್ದಳು. ಅವಳ ತುಟಿ ಅಲುಗುತ್ತಿತ್ತು. ದೇವರ ಹೆಸರು ಹೇಳುತ್ತಿದ್ದಾಳೆ ಎಂದುಕೊಂಡೆ. ಹತ್ತಿರ ಹೋದರೆ, "ಹೀಂಗ್ ಎಳುದಾ? ಥೋ! ಹೀಂಗ್ ಎಳ್ದ್ರೆ ಚಟ್ಲಿಯೂ ಬತ್ತಿಲ್ಲೆ" ಎಂದು ಬೈಯುತ್ತಿದ್ದಳು. ಚಟ್ಲಿ ಎಂದರೆ ಸಿಗಡಿ, ಮೋಟರಿಗಿಂತ ತುಸು ಹಗುರ. ಮೋಟರು ಮತ್ತೊಮ್ಮೆ ಜಾರಿದ್ದೇ ತಡ, ಅಮ್ಮ ಕಾಯಿಯನ್ನು ನನ್ನ ಕೈಗೆ ತುರುಕಿ ದಡದ ಮೇಲಿನ ಕಲ್ಲು ಹತ್ತಿದಳು.

"ಹ್ವಾಯ್!"

ಇಡೀ ದಂಡೆ ನಿಂತಿತು. ಎಪ್ಪತ್ತು ದಾಟಿದ ಆ ಸಣ್ಣ ದೇಹದಿಂದ ಅಂಥ ದನಿ ಬರುವುದೆಂದು ನನಗೇ ಗೊತ್ತಿರಲಿಲ್ಲ. ಅಮ್ಮ ಕೈ ತೋರಿಸಿ, ಒಬ್ಬರನ್ನು ಹಗ್ಗದ ಈ ಬದಿ, ಮುಂದಿನವರನ್ನು ಆ ಬದಿ ನಿಲ್ಲಿಸಿದಳು. ಹಗ್ಗದ ತುದಿಯನ್ನು ಮೇಲಿನ ಜಾಲಿಮರಕ್ಕೆ ಒಂದು ಸುತ್ತು ಹಾಕಿಸಿ, ಎಳೆದಷ್ಟನ್ನು ಬಿಗಿಯಲು ಒಬ್ಬರನ್ನು ಕೂರಿಸಿದಳು. ಅದು ಅವಳ ಹಳೆಯ ಜಾಗ. ಆಮೇಲೆ ಹೇಳಿಕೊಟ್ಟಳು: "ನಾನ್ ಕೂಗ್ತೆ. ನೀವ್ 'ಹೋ' ಅನ್ಕ್. ಮೂರ್ನೇದಕ್ಕೆ 'ಐಸಾ' ಅಂದ್ ಎಳುಕ್. ಅದಕ್ಕೂ ಮೊದ್ಲ್ ಯಾರೂ ಎಳುಕಾಗ."

ಯಾರೋ ಕಿಸಕ್ಕನೆ ನಕ್ಕರು. "ಏನಂತಾರಪ್ಪ ಯಮ್ಮಾರು?" ಎಂದು ಇನ್ಯಾರೋ. ಆಗ ನನ್ನ ಅತ್ತೆ, ಹೊಲದ ಬದುವಿನ ಮೇಲಿಂದ ಗುಡುಗಿದರು: "ನಗಬ್ಯಾಡ್ರಿ! ಹೊಳಿ ನಿಮ್ಮ ನಗಿ ಕೇಳಿ ನಿಂದ್ರತೈತೇನು? ಬೀಗತ್ಯಾರು ಹೇಳಿದಂಗ ಮಾಡ್ರಿ."

"ಕಾಲ್ ಹೂಳೀ..." ಅಮ್ಮ ಕೂಗಿದಳು.

ಯಾರೂ ಓಗೊಡಲಿಲ್ಲ. ಕಾಯಿಯನ್ನು ಎದೆಗೊತ್ತಿಕೊಂಡು ನಾನೊಬ್ಬಳೇ "ಹೋ!" ಎಂದೆ.

"ಮೈ ಬಿಡೀ..."

"ಹೋ!" ಈ ಸಲ ಅತ್ತೆಯ ದನಿ ಸೇರಿತು, ಹಿಂದೆಯೇ ನಾಲ್ಕಾರು ಗಂಡಸರದು.

"ಒಟ್ಟಿಗೇ..."

"ಐಸಾ!"

ಹಿಮ್ಮಡಿಗಳು ಕೆಸರಿನಲ್ಲಿ ಹೂತವು, ಮೈಗಳು ಹಿಂದೆ ವಾಲಿದವು, ಹಗ್ಗ ಬಿಗಿಯಿತು. ಮೋಟರು ಮೊಳದಷ್ಟು ಮೇಲೆ ಬಂತು, ಜಾರಲಿಲ್ಲ. ಆಮೇಲೆ ಕೇಳಬೇಕೇ? ಮೈಕಿನ ಆಟೋದವನೂ ಗಾಡಿ ಬಿಟ್ಟು ಬಂದು ಹಗ್ಗ ಹಿಡಿದ. ಅಮ್ಮ ಕೂಗುತ್ತಲೇ ಇದ್ದಳು, ಕಂಪ್ಲಿಯ ಜನ ಕುಂದಾಪುರದ ಕೂಗಿಗೆ ಓಗೊಡುತ್ತಲೇ ಇದ್ದರು. ಕೆಂಪು ನೀರು ಮೋಟರಿದ್ದ ಜಾಗವನ್ನು ಮುಚ್ಚಿದಾಗ ಮೋಟರು ದಡದ ಮೇಲೆ ಕೂತಿತ್ತು. ನನ್ನ ಕಣ್ಣಲ್ಲಿ ನೀರು. ಹೆಮ್ಮೆಗೆ, ಬರೀ ಹೆಮ್ಮೆಗೆ. "ಅಕಿ ನಮ್ಮವ್ವ" ಎಂದು ಪಕ್ಕಕ್ಕೆ ಬಂದು ನಿಂತ, ಈಗಾಗಲೇ ಅದನ್ನು ಬಲ್ಲ, ಅತ್ತೆಗೇ ಹೇಳಿದೆ.

ಅಮ್ಮ ಕಲ್ಲಿನಿಂದ ಇಳಿದವಳೇ, "ಪಾಲ್ ಕೊಡ್ಕ್" ಎಂದಳು. ಹಗ್ಗ ಮುಟ್ಟಿದವರಿಗೆಲ್ಲ ಪಾಲು ಕೊಡಬೇಕೆಂದು ನಾನು ಬಿಡಿಸಿ ಹೇಳಿದೆ.

"ಮೋಟರ್ ಹೆಂಗ ಪಾಲು ಮಾಡೂದ್ರೀ ಅತ್ತಿ?" ಎಂದು ಅಮ್ಮನನ್ನು ಕೇಳಿದರು ಭಾವ, ಕೆಸರು ಮೆತ್ತಿದ ಮುಖದಲ್ಲಿ ಹಲ್ಲು ಬಿಡುತ್ತ.

ನನ್ನ ಅತ್ತೆ ಮನೆಗೆ ಹೋಗಿ, ಹಣ್ಣಾದ ಬಾಳೆಗೊನೆಗಳನ್ನೇ ಹೊರಿಸಿಕೊಂಡು ಬಂದರು. ಎಲ್ಲರಿಗೂ ಒಂದೊಂದು ಚಿಪ್ಪು. ಅಮ್ಮ ಪಕ್ಕದಲ್ಲಿ ನಿಂತು, ಮೈಕಿನ ಆಟೋದವನಿಗೆ ಬಂತೇ ಎಂದು ವಿಚಾರಿಸಿಕೊಂಡಳು. ಅವಳಿಗೆ ಕೊಡಲು ಹೋದರೆ ಕೈ ಹಿಂದೆಳೆದಳು. "ನಾನ್ ಹಗ್ಗ ಮುಟ್ಲಿಲ್ಲೆ. ನಂಗೆ ಪಾಲ್ ಇಲ್ಲೆ."

ಆಗ ನಾನು ಅಜ್ಜನ ಜ್ವರದ ದಿನದ ಕತೆಯನ್ನು, ಬುಟ್ಟಿಯನ್ನು ಸಾಕಷ್ಟು ದೊಡ್ಡದು ಮಾಡಿಯೇ, ಎಲ್ಲರೆದುರು ಹೇಳಿದೆ. ಅಮ್ಮ ನನ್ನನ್ನು ಗದರಿದಳು. "ಅದ್ ನನ್ ಅಪ್ಪಯ್ಯಂಗೆ. ಅವ್ರ್ ತಂಡೇಲ್ರ್. ನಾನ್ ಹಗ್ಗ ಸುತ್ತುವ ಹೆಣ್ಣ್." ಪಡುವಣಕ್ಕೆ ತಿರುಗಿ ಹಾಲೆರೆದಳು, ಕಾಯಿ ಬಿಟ್ಟಳು. ಏರಿದ ಹೊಳೆ ಆ ಕಾಯಿಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಆಂಧ್ರದ ಕಡೆಗೆ ಒಯ್ದಿತು.

ಈ ವರ್ಷ ಅಮ್ಮನಿಗೆ ಮಂಡಿನೋವು, ಎಲ್ಲಿಗೂ ಹೋಗಲಾಗಲಿಲ್ಲ. ಡ್ಯಾಮಿನಿಂದ ನೀರು ಬಿಟ್ಟರೆಂದು ಸುದ್ದಿ ಬಂದ ದಿನ ಬೆಳಿಗ್ಗೆ ಭಾವನ ಫೋನು ಬಂತು. "ಅತ್ತಿಯಾರ ಕಿವಿಗೆ ಹಿಡೀರಿ" ಎಂದಷ್ಟೇ ಹೇಳಿ ಫೋನನ್ನು ಗಾಳಿಗೆ ಹಿಡಿದರು. ಸ್ಪೀಕರ್ ಹಾಕಿದೆ. ಹೊಳೆಯ ಸದ್ದು, ಗಾಳಿಯ ಸದ್ದು. ಅದರ ಮೇಲೆ ಯಾರದೋ ಒರಟು ದನಿ.

"ಕಾಲ್ ಹೂಳ್ರೀ..."

"ಹೋ!"

"ಮೈ ಬಿಡ್ರೀ..."

"ಹೋ!"

"ಒಟ್ಟಿಗೀ..."

"ಐಸಾ!"

ಅಮ್ಮ ಫೋನಿನ ಕಡೆಗೆ ಬಗ್ಗಿ ಆಲಿಸಿದಳು. "ಎಂತಕ್ಕೆ ಅಷ್ಟ್ ಎಳ್ದ್ ಎಳ್ದ್ ಹೇಳ್ತ್ರ್ ಇವ್ರ್" ಎಂದಳು. ಬೈದಳೋ ಸಂತೋಷಪಟ್ಟಳೋ ತಿಳಿಯಲಿಲ್ಲ, ಕಣ್ಣೊರೆಸಿಕೊಳ್ಳುತ್ತಿದ್ದಳು. ಆಮೇಲೆ ಕೇಳಿದಳು, "ಪಾಲ್ ಕೊಟ್ರಾ ಕೇಣ್." ಅಷ್ಟರಲ್ಲಿ ಫೋನು ಕಟ್ಟಾಗಿತ್ತು.

ಮಧ್ಯಾಹ್ನ ಗೇಟಿನ ಮುಂದೆ ಆಟೋ ನಿಂತಿತು. ಕಂಪ್ಲಿ ಬಸ್ಸಿನಲ್ಲಿ ಬಂದದ್ದಂತೆ, ಇಡೀ ಒಂದು ಬಾಳೆಗೊನೆ. ಆಟೋದವನು ಅದನ್ನು ಹೆಗಲಿಂದ ಜಗಲಿಗೆ ಇಳಿಸಿ, ಬೆವರೊರೆಸಿಕೊಳ್ಳುತ್ತ ಹೇಳಿದ: "ಒಂದ್ ಮಾತು ಹೇಳು ಅಂದಾರ್ರಿ. ಇದು ಕೂಗಿನ ಪಾಲಂತ."

ಅಮ್ಮ ಗೊನೆಯ ಪಕ್ಕ ಕೂತು ಅದರ ಮೇಲೆ ಕೈಯಾಡಿಸಿದಳು. ಆಮೇಲೆ ಮಂಡಿ ಹಿಡಿದುಕೊಂಡು ಎದ್ದು, ಜಗಲಿಯ ತುದಿಗೆ ಹೋಗಿ, ಇಡೀ ಬೀದಿಗೆ ಕೇಳುವಂತೆ ಕರೆದಳು.

"ಹ್ವಾಯ್! ಬನ್ನಿ ಎಲ್ಲ, ಬಾಳಿಹಣ್ಣ್ ತಿಂಬುಕೆ. ನನ್ ಪಾಲ್ ಬಂದಿತ್ತ್!"